ಕಳಿಸದೆ ಉಳಿದ ಅಂಕಪಟ್ಟಿ



ಇವತ್ತಿನ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ಅಮೆರಿಕದಲ್ಲಿ ನೂರು ಜನ ಅರ್ಜಿ ಹಾಕಿದರೆ ಐದೋ ಹತ್ತೋ ಜನರಿಗೆ ಮಾತ್ರ ಸೀಟು ಕೊಡುವ ಕೆಲವು ಕಾಲೇಜುಗಳಿವೆ. ಅಲ್ಲಿ ಪದವಿಗೆ ಸೇರಬಯಸುವ ಮಕ್ಕಳು ಎಸ್‌ಎಟಿ ಅಥವಾ ಎಸಿಟಿ ಎಂಬ ಪರೀಕ್ಷೆ ಬರೆಯುತ್ತಾರೆ. ಕೆಲವರು ಒಂದು ಸಲ, ಕೆಲವರು ಎರಡು ಮೂರು ಸಲ. ಆಮೇಲೆ ಯಾವ ಸಲದ ಅಂಕವನ್ನು ಯಾವ ಕಾಲೇಜಿಗೆ ಕಳಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಕೆಲವು ಕಡೆ ಏನನ್ನೂ ಕಳಿಸದಿದ್ದರೂ ನಡೆಯುತ್ತದಲ್ಲ, ಹಾಗೇ ಬಿಡೋಣವೇ ಎಂಬ ಯೋಚನೆ ಶುರುವಾಗುತ್ತದೆ. ಅಕ್ಟೋಬರ್‌ನಿಂದ ಹೊಸ ವರ್ಷದವರೆಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಊಟದ ಹೊತ್ತಿನ ಮಾತು ಇದೇ. ಈ ಸಣ್ಣ ನಿರ್ಧಾರದಲ್ಲಿ ಹೆಚ್ಚು ಕಳೆದುಕೊಳ್ಳುತ್ತಿರುವವರು, ತಾವು ಕಳೆದುಕೊಂಡೆವೆಂದು ಕೊನೆಯವರೆಗೂ ತಿಳಿಯದ ಮಕ್ಕಳು. ಅವರ ಪರವಾಗಿ ಮಾತಾಡಬೇಕೆಂದೇ ಈ ವಿಷಯ ಆರಿಸಿಕೊಂಡೆ.

ನಮ್ಮಲ್ಲಿ ಇಂಥ ಪ್ರಶ್ನೆಯೇ ಹುಟ್ಟುವುದಿಲ್ಲ. ಜೆಇಇ ಮೇನ್ ಪರೀಕ್ಷೆಯನ್ನು ಜನವರಿಯಲ್ಲೂ ಏಪ್ರಿಲ್‌ನಲ್ಲೂ ಬರೆದರೆ, ಎರಡರಲ್ಲಿ ಮೇಲಾದುದನ್ನು ಪರೀಕ್ಷೆ ನಡೆಸುವವರೇ ಎತ್ತಿಕೊಂಡು ರ‍್ಯಾಂಕ್ ಕೊಡುತ್ತಾರೆ. 2024ರಿಂದ ನಮ್ಮ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿಗಳಲ್ಲಿ ಒಂದೇ ವರ್ಷ ಮತ್ತೆ ಬರೆಯುವ ಅವಕಾಶ ಬಂದಿದೆ. ಅಲ್ಲೂ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಆಯ್ಕೆ ಮಾಡುವುದು ನಿಯಮ. ಮಗು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಮೆರಿಕದ ಆ ಕಾಲೇಜುಗಳಲ್ಲಿ ರ‍್ಯಾಂಕ್ ಪಟ್ಟಿಯಿಲ್ಲ, ಕಟ್‌ಆಫ್ ಇಲ್ಲ. ಶಾಲೆಯ ಅಂಕ, ಆರಿಸಿಕೊಂಡ ವಿಷಯಗಳು, ಪ್ರಬಂಧಗಳು, ಅಧ್ಯಾಪಕರ ಶಿಫಾರಸು ಪತ್ರ, ತರಗತಿಯ ಹೊರಗೆ ಮಾಡಿದ ಕೆಲಸ ಎಲ್ಲವೂ ಒಂದು ಕಡತವಾಗಿ ಅಡ್ಮಿಶನ್ ಅಧಿಕಾರಿಯ ಮುಂದೆ ಬರುತ್ತದೆ. ಪರೀಕ್ಷೆಯ ಅಂಕ ಆ ಕಡತದ ಒಂದು ಹಾಳೆ. ಆ ಹಾಳೆ ಇರಬೇಕೋ ಬೇಡವೋ, ಇದ್ದರೆ ಅದರಲ್ಲಿ ಯಾವ ಅಂಕ ಕಾಣಬೇಕು ಎಂಬುದನ್ನು ಹದಿನೇಳರ ಹುಡುಗಿಯ ಕೈಗೆ ಬಿಟ್ಟಿದ್ದಾರೆ.

ಆ ಹಾಳೆಯ ಚರಿತ್ರೆ ಸ್ವಲ್ಪ ಹೇಳಬೇಕು. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಹುಟ್ಟಿದ್ದು 1900ರಲ್ಲಿ. ಎಸ್‌ಎಟಿ ಮೊದಲ ಸಲ ನಡೆದದ್ದು 1926ರ ಜೂನ್‌ನಲ್ಲಿ. ಬರೆದವರು ಸುಮಾರು 8,000 ಮಂದಿ. ಅದನ್ನು ರೂಪಿಸಿದವರು ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಬುದ್ಧಿಪರೀಕ್ಷೆಗಳ ಅಂಕ ಹಿಡಿದು, ಉತ್ತರ ಯುರೋಪಿನ ಜನಾಂಗವೇ ಬುದ್ಧಿಯಲ್ಲಿ ಮೇಲೆಂದು 1923ರಲ್ಲಿ ಪುಸ್ತಕ ಬರೆದಿದ್ದವರು ಅವರು. 1930ರಲ್ಲಿ ಆ ವಾದಕ್ಕೆ ಆಧಾರವಿಲ್ಲವೆಂದು ತಾವೇ ಒಪ್ಪಿ ಹಿಂತೆಗೆದುಕೊಂಡರು. ಪರೀಕ್ಷೆ ಮಾತ್ರ ಉಳಿಯಿತು. 1933ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಜೇಮ್ಸ್ ಬ್ರ್ಯಾಂಟ್ ಕೊನಂಟ್ ಇದೇ ಪರೀಕ್ಷೆಯನ್ನು ಬೇರೊಂದು ಆಸೆಯಿಂದ ಕೈಗೆತ್ತಿಕೊಂಡರು. ಆಗ ಹಾರ್ವರ್ಡಿನಲ್ಲಿ ನ್ಯೂ ಇಂಗ್ಲೆಂಡಿನ ಶ್ರೀಮಂತ ಖಾಸಗಿ ಶಾಲೆಗಳ ಹುಡುಗರೇ ತುಂಬಿದ್ದರು. ದೇಶದ ನಡುಭಾಗದ ಹೆಸರಿಲ್ಲದ ಸರ್ಕಾರಿ ಶಾಲೆಗಳಲ್ಲಿ ಓದುವ ಜಾಣ ಹುಡುಗರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆತರಬೇಕೆಂದು ಕೊನಂಟ್ ಬಯಸಿದರು. ಅವರನ್ನು ಹುಡುಕಲು ಈ ಪರೀಕ್ಷೆ ಸಾಧನವಾಯಿತು. ಆ ಕೆಲಸದಲ್ಲಿ ಅವರಿಗೆ ನೆರವಾದ ಹೆನ್ರಿ ಚೌನ್ಸಿಯೇ 1947ರಲ್ಲಿ ಹುಟ್ಟಿದ, ಇಂಥ ಪರೀಕ್ಷೆಗಳನ್ನು ರೂಪಿಸುವ ಇಟಿಎಸ್ ಸಂಸ್ಥೆಯ ಮೊದಲ ಮುಖ್ಯಸ್ಥರು. ಎಸಿಟಿ ಬಂದದ್ದು 1959ರಲ್ಲಿ, ಅಯೋವಾ ರಾಜ್ಯದಲ್ಲಿ.

ಜನಾಂಗದ ಅಹಂಕಾರವೂ ಅಜ್ಞಾತ ಪ್ರತಿಭೆಯ ಹುಡುಕಾಟವೂ ಹೀಗೆ ಒಂದೇ ಪರೀಕ್ಷೆಯ ಹಿಂದಿವೆ. ಕೊನಂಟ್ ಹುಡುಕಿದಂಥ ಮಕ್ಕಳನ್ನೇ ಇಂದಿನ ನನ್ನ ಮಾತು ಕುರಿತಿದೆ. ಅವರು ಈಗಲೂ ಇದ್ದಾರೆ, ಪರೀಕ್ಷೆ ಬರೆಯುತ್ತಿದ್ದಾರೆ, ಒಳ್ಳೆಯ ಅಂಕವನ್ನೂ ಪಡೆಯುತ್ತಿದ್ದಾರೆ. ಆ ಅಂಕವನ್ನು ಕಳಿಸದೆ ಉಳಿಸಿಕೊಳ್ಳುತ್ತಿದ್ದಾರೆ.

ಅಂಕ ಆರಿಸಿ ಕಳಿಸುವ ಪದ್ಧತಿ ಹಳೆಯದೇನಲ್ಲ. ಬಹುಕಾಲ ಎಸ್‌ಎಟಿಯನ್ನು ಎಷ್ಟು ಸಲ ಬರೆದರೂ ಅಷ್ಟೂ ಸಲದ ಅಂಕ ಒಂದೇ ವರದಿಯಲ್ಲಿ ಹೋಗುತ್ತಿತ್ತು. 2009ರಲ್ಲಿ ಕಾಲೇಜ್ ಬೋರ್ಡ್ ಸ್ಕೋರ್ ಚಾಯ್ಸ್ ಎಂಬ ಸೌಲಭ್ಯ ತಂದಿತು. ವಿದ್ಯಾರ್ಥಿ ತನಗೆ ಬೇಕಾದ ದಿನದ ಅಂಕವನ್ನಷ್ಟೇ ಕಳಿಸಬಹುದು. ಮಕ್ಕಳ ಆತಂಕ ಕಡಿಮೆಯಾಗಲಿ ಎಂಬುದು ಕೊಟ್ಟ ಕಾರಣ. ಸ್ಟ್ಯಾನ್‌ಫರ್ಡ್, ಕಾರ್ನೆಲ್‌ನಂಥ ಕೆಲವು ವಿಶ್ವವಿದ್ಯಾಲಯಗಳು ಆಗ ಒಪ್ಪಲಿಲ್ಲ; ನಮಗೆ ಎಲ್ಲ ಅಂಕಗಳೂ ಬೇಕು ಎಂದವು. ದುಡ್ಡಿದ್ದವರು ಮತ್ತೆ ಮತ್ತೆ ಬರೆದು ಒಳ್ಳೆಯದೊಂದನ್ನೇ ತೋರಿಸುತ್ತಾರೆ, ಒಂದೇ ಸಲ ಬರೆಯುವ ಶಕ್ತಿಯಿದ್ದವನಿಗೆ ಆ ಅನುಕೂಲವಿಲ್ಲ ಎಂಬ ಆಕ್ಷೇಪ ಆ ಕಾಲದಲ್ಲಿ ಬಲವಾಗಿ ಕೇಳಿಬಂತು. ಆ ಆಕ್ಷೇಪ ಇಂದಿಗೂ ನಿಜ. ಭಾರತದಲ್ಲಿ ಕೂತು ಎಸ್‌ಎಟಿ ಬರೆಯುವವರು ಒಂದು ಸಲಕ್ಕೆ ನೂರು ಡಾಲರಿಗೂ ಹೆಚ್ಚು ಕಟ್ಟಬೇಕು. ಪರೀಕ್ಷಾ ಕೇಂದ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವುದರಿಂದ ರಾಯಚೂರಿನ ಅಥವಾ ಶಿರಸಿಯ ಮಗುವಿಗೆ ಬಸ್ಸಿನ ಖರ್ಚು, ಉಳಿದುಕೊಳ್ಳುವ ಖರ್ಚು ಬೇರೆ. ಕಾಲಕ್ರಮದಲ್ಲಿ ಬಹುಪಾಲು ಕಾಲೇಜುಗಳು ಪಟ್ಟು ಸಡಿಲಿಸಿದವು. ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮಾತ್ರ ಎಲ್ಲ ಸಲದ ಅಂಕವನ್ನೂ ಕೇಳುವ ರೂಢಿಯನ್ನು ಬಿಡದೆ ಉಳಿಸಿಕೊಂಡು ಬಂತು.

ಹಾಗೆ ಕೇಳುವ ಕಡೆ ಎಲ್ಲವನ್ನೂ ಕಳಿಸಿಬಿಡಿ. ಕಾಲೇಜ್ ಬೋರ್ಡ್‌ನ ಜಾಲತಾಣ ಮುಚ್ಚಿಡಲು ಅವಕಾಶ ಕೊಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳುವ ಸಲಹೆಗಾರರಿದ್ದಾರೆ. ಅರ್ಜಿಯ ಕೊನೆಯಲ್ಲಿ ಎಲ್ಲವೂ ಸತ್ಯ, ಸಂಪೂರ್ಣ ಎಂದು ಸಹಿ ಹಾಕುವವರು ನೀವು, ಅವರಲ್ಲ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಚರ್ಚೆ ಬೇಕಿಲ್ಲ.

ಆಯ್ಕೆ ಇರುವ ಕಡೆ ಏನು ಮಾಡಬೇಕು? ಇಲ್ಲಿ ಒಂದು ಸಂಗತಿ ಎಷ್ಟೋ ಜನರಿಗೆ ತಿಳಿದಿಲ್ಲ. ಸ್ಕೋರ್ ಚಾಯ್ಸ್ ನಡೆಯುವುದು ದಿನದ ಲೆಕ್ಕದಲ್ಲಿ. ಒಂದು ದಿನದ ಗಣಿತವನ್ನು ಮಾತ್ರ ಕಳಿಸಿ, ಅದೇ ದಿನದ ಇಂಗ್ಲಿಷನ್ನು ಬಿಡಲಾಗದು. ಕಾಲೇಜುಗಳಾದರೋ ಬಹುಮಟ್ಟಿಗೆ ಸೂಪರ್‌ಸ್ಕೋರ್ ಮಾಡುತ್ತವೆ. ಅಂದರೆ ಬೇರೆ ಬೇರೆ ದಿನಗಳಿಂದ ಪ್ರತಿ ವಿಭಾಗದ ಉತ್ತಮ ಅಂಕವನ್ನು ಎತ್ತಿ ಕೂಡಿಸುತ್ತವೆ. ಒಂದು ಲೆಕ್ಕ ನೋಡಿ. ಒಬ್ಬ ಹುಡುಗನಿಗೆ ಮಾರ್ಚ್‌ನಲ್ಲಿ ಓದು-ಬರಹದ ವಿಭಾಗದಲ್ಲಿ 690, ಗಣಿತದಲ್ಲಿ 740, ಒಟ್ಟು 1430 ಬಂತೆನ್ನಿ. ಆಗಸ್ಟ್‌ನಲ್ಲಿ ಓದು-ಬರಹ 740ಕ್ಕೆ ಏರಿತು, ಗಣಿತ 700ಕ್ಕೆ ಇಳಿಯಿತು, ಒಟ್ಟು 1440. ಮನೆಯಲ್ಲಿ ಎಲ್ಲರೂ ಆಗಸ್ಟ್‌ನದನ್ನೇ ಕಳಿಸು, ಅದೇ ದೊಡ್ಡದು ಎನ್ನುತ್ತಾರೆ. ಎರಡನ್ನೂ ಕಳಿಸಿದರೆ ಕಾಲೇಜು ಅವನನ್ನು 1480 ಪಡೆದವನೆಂದು ಓದುತ್ತದೆ. ಕಡಿಮೆಯೆಂದು ಮುಚ್ಚಿಟ್ಟ ದಿನದ ವರದಿಯಲ್ಲೇ ಅವನ ಗಣಿತದ ಅತ್ಯುತ್ತಮ ಅಂಕ ಕೂತಿತ್ತು. ಎಂಜಿನಿಯರಿಂಗ್ ಓದಬಯಸುವವನಾದರೆ ಆ 740ಕ್ಕೆ ಇನ್ನಷ್ಟು ಬೆಲೆ.

ಇನ್ನೊಂದು ಚಿಕ್ಕ ವಿಷಯ. ನಾಲ್ಕು ಕಾಲೇಜುಗಳಿಗೆ ಅಂಕವನ್ನು ಉಚಿತವಾಗಿ ಕಳಿಸುವ ಸೌಲಭ್ಯವಿದೆ. ಆದರೆ ಪರೀಕ್ಷೆ ಮುಗಿದ ಒಂಬತ್ತು ದಿನದೊಳಗೆ ಹೆಸರು ಸೂಚಿಸಬೇಕು. ಅಷ್ಟರಲ್ಲಿ ಫಲಿತಾಂಶ ಬಂದಿರುವುದಿಲ್ಲ. ನೋಡಿ ಕಳಿಸುತ್ತೇನೆ ಎಂದರೆ ಪ್ರತಿ ಕಾಲೇಜಿಗೂ ಶುಲ್ಕ. ಆರಿಸಿ ಕಳಿಸುವ ಸ್ವಾತಂತ್ರ್ಯಕ್ಕೆ ಇಲ್ಲಿ ನೇರವಾಗಿ ಬೆಲೆ ಕಟ್ಟಿದ್ದಾರೆ, ಅದು ನನಗೆ ಸರಿಕಾಣುವುದಿಲ್ಲ. ಸಮಾಧಾನದ ಸಂಗತಿಯೆಂದರೆ ಈಗ ಹಲವು ಕಾಲೇಜುಗಳು ಅರ್ಜಿಯಲ್ಲಿ ವಿದ್ಯಾರ್ಥಿಯೇ ತುಂಬಿದ ಅಂಕವನ್ನು ನಂಬುತ್ತವೆ. ಸೀಟು ಸಿಕ್ಕಿ ಸೇರುವಾಗ ಅಧಿಕೃತ ವರದಿ ಕೊಟ್ಟರೆ ಸಾಕು.

ಹತ್ತಿಪ್ಪತ್ತು ಅಂಕದ ವ್ಯತ್ಯಾಸಕ್ಕೆ ಮನೆಗಳಲ್ಲಿ ನಡೆಯುವ ಜಗಳದ ಬಗ್ಗೆಯೂ ಹೇಳಬೇಕು. ಪ್ರತಿ ವಿಭಾಗಕ್ಕೆ 200ರಿಂದ 800ರವರೆಗೆ ಅಂಕ. ಒಬ್ಬಳೇ ಹುಡುಗಿ ಏನೂ ಹೊಸದಾಗಿ ಕಲಿಯದೆ ಮುಂದಿನ ವಾರ ಮತ್ತೆ ಬರೆದರೂ ಒಂದು ವಿಭಾಗದಲ್ಲಿ ಸುಮಾರು 30 ಅಂಕ ಆಚೀಚೆ ಆಗುವುದು ಸಹಜ. ಪರೀಕ್ಷೆ ನಡೆಸುವವರೇ ತಮ್ಮ ಅಂಕವನ್ನು ಒಂದು ವ್ಯಾಪ್ತಿಯಾಗಿ ಓದಿ ಎನ್ನುತ್ತಾರೆ. 1510 ಬಂದವಳನ್ನು 1530 ತರಲೆಂದು ಮತ್ತೆ ಕೂರಿಸುವುದು ಆ ಮಗುವಿನ ಭಾನುವಾರಗಳನ್ನು ಹಾಳು ಮಾಡುವ ಕೆಲಸ. ಅಡ್ಮಿಶನ್ ಕೋಣೆಯಲ್ಲಿ ಆ ಇಪ್ಪತ್ತು ಅಂಕಕ್ಕೆ ಯಾವ ತೂಕವೂ ಇಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಂಕವನ್ನೇ ಕಳಿಸದಿರುವ ಆಯ್ಕೆ. ಮೇನ್ ರಾಜ್ಯದ ಬೋಡಿನ್ ಕಾಲೇಜು 1969ರಲ್ಲೇ ಪರೀಕ್ಷೆಯ ಅಂಕ ಕಡ್ಡಾಯವಲ್ಲ ಎಂದಿತ್ತು. ದಶಕಗಳ ಕಾಲ ಅದು ಕೆಲವೇ ಕಾಲೇಜುಗಳ ಪದ್ಧತಿ. 2020ರಲ್ಲಿ ಕೋವಿಡ್‌ನಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹೆಚ್ಚುಕಡಿಮೆ ಎಲ್ಲರೂ ಟೆಸ್ಟ್ ಆಪ್ಷನಲ್ ಆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಗಿ, ಕಳಿಸಿದರೂ ನೋಡುವುದಿಲ್ಲ ಎಂಬ ನಿಲುವಿಗೆ ಬಂತು. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದಂತೆ ಅದರ ಎಲ್ಲ ಕ್ಯಾಂಪಸ್‌ಗಳಿಗೂ ಇದು ಅನ್ವಯ. ಆಮೇಲೆ ಗಾಳಿ ತಿರುಗಿತು. 2022ರ ಮಾರ್ಚ್‌ನಲ್ಲಿ ಎಂಐಟಿ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೊಂದು ಅದೇ ದಾರಿ ಹಿಡಿದವು. ಯೇಲ್ ಮಾತ್ರ ಎಸ್‌ಎಟಿ, ಎಸಿಟಿಗಳ ಬದಲು ಎಪಿ ಅಥವಾ ಐಬಿ ಪರೀಕ್ಷೆಯ ಅಂಕವನ್ನಾದರೂ ಕೊಡಬಹುದೆಂದಿತು. ಹೀಗಿದ್ದರೂ ಅಂಕ ಐಚ್ಛಿಕವಾಗಿರುವ ಕಾಲೇಜುಗಳು ನೂರಾರು ಉಳಿದಿವೆ. ಕಳಿಸಬೇಕೋ ಬೇಡವೋ ಎಂಬ ತೊಳಲಾಟವೂ ಅಲ್ಲೆಲ್ಲ ಉಳಿದಿದೆ.

ಮಕ್ಕಳು ಇದನ್ನು ಹೇಗೆ ತೀರ್ಮಾನಿಸುತ್ತಾರೆ? ಪ್ರತಿ ಕಾಲೇಜೂ ತಾನು ಸೇರಿಸಿಕೊಂಡ ವಿದ್ಯಾರ್ಥಿಗಳಲ್ಲಿ ನಡುವಿನ ಅರ್ಧ ಭಾಗದವರ ಅಂಕ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ಪ್ರಕಟಿಸುತ್ತದೆ. 25ನೇ ಪರ್ಸೆಂಟೈಲ್‌ನಿಂದ 75ನೇ ಪರ್ಸೆಂಟೈಲ್‌ವರೆಗೆ. ನಿನ್ನ ಅಂಕ ಅದರ ಒಳಗಿದ್ದರೆ ಕಳಿಸು, ಕೆಳಗಿದ್ದರೆ ಬೇಡ ಎಂಬ ಸಲಹೆ ಎಲ್ಲೆಲ್ಲೂ ಕೇಳುತ್ತದೆ. ಸಂಖ್ಯಾಶಾಸ್ತ್ರದ ಕಣ್ಣಿಂದ ಈ ಸಲಹೆಯಲ್ಲಿ ಒಂದು ದೊಡ್ಡ ತೊಡಕಿದೆ.

ಊಹೆಗೆ ಒಂದು ಕಾಲೇಜು ತೆಗೆದುಕೊಳ್ಳಿ. ಅಂಕ ಕಡ್ಡಾಯವಾಗಿದ್ದ ಕಾಲದಲ್ಲಿ ಅಲ್ಲಿ ಸೇರಿದ 1,000 ಮಂದಿಯ ನಡುವಿನ ಅರ್ಧದವರ ಅಂಕ 1400ರಿಂದ 1520. ಐಚ್ಛಿಕವಾದ ಮೇಲೆ 1400ಕ್ಕಿಂತ ಕೆಳಗಿನ 250 ಮಂದಿ ಸಲಹೆ ಕೇಳಿ ಅಂಕ ಕಳಿಸಲಿಲ್ಲ. ಅವರು ಸೇರಿದ್ದಾರೆ, ತರಗತಿಯಲ್ಲಿ ಕೂತಿದ್ದಾರೆ, ಆದರೆ ಲೆಕ್ಕದಲ್ಲಿಲ್ಲ. ಉಳಿದ 750 ಮಂದಿಯನ್ನೇ ಎಣಿಸಿ ಹೊಸದಾಗಿ ಗೆರೆ ಎಳೆದರೆ ಕೆಳಗಿನ ಗೆರೆ 1440, 1450ರ ಹತ್ತಿರ ಬಂದು ನಿಲ್ಲುತ್ತದೆ. ಮಕ್ಕಳು ಅದೇ ಮಟ್ಟದವರು, ಸಂಖ್ಯೆ ಮಾತ್ರ ಏರಿತು. ಮರುವರ್ಷ 1430 ಬಂದ ಹುಡುಗಿ ಆ ಸಂಖ್ಯೆ ನೋಡಿ ಹಿಂಜರಿಯುತ್ತಾಳೆ, ತನ್ನದನ್ನು ಕಳಿಸುವುದಿಲ್ಲ. ಅವಳೂ ಲೆಕ್ಕದಿಂದ ಹೊರಬಿದ್ದ ಮೇಲೆ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಏರುವ ಗೆರೆಯನ್ನು ನೋಡಿ, ಈ ಕಾಲೇಜಿಗೆ 1500 ಇಲ್ಲದೆ ಹೋಗಲೇಬಾರದು ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಕಳಿಸದಿದ್ದರೆ ಆ ಜಾಗ ನಿಜವಾಗಿಯೂ ಖಾಲಿ ಎಂದು ಓದಲಾಗುತ್ತದೆಯೇ? ಅರ್ಥಶಾಸ್ತ್ರಜ್ಞ ಪಾಲ್ ಮಿಲ್‌ಗ್ರಾಮ್ ಈ ಬಗೆಯ ಪ್ರಶ್ನೆಯನ್ನು 1981ರ ಒಂದು ಲೇಖನದಲ್ಲಿ ಎತ್ತಿಕೊಂಡಿದ್ದರು. ಅವರ ತರ್ಕವನ್ನು ನಮ್ಮ ಸಂತೆಯ ಭಾಷೆಯಲ್ಲಿ ಹೇಳಬಹುದು. ಸಾಲಾಗಿ ಕೂತ ಮಾವಿನ ವ್ಯಾಪಾರಿಗಳಲ್ಲಿ ಎಲ್ಲರೂ ಒಂದು ಹೋಳು ಕೊಯ್ದು ಕೊಟ್ಟು ರುಚಿ ನೋಡಿ ಎನ್ನುತ್ತಿರುವಾಗ ಒಬ್ಬ ಮಾತ್ರ ಕೊಡದಿದ್ದರೆ, ಅವನ ಹಣ್ಣು ಹುಳಿಯೆಂದೇ ಗಿರಾಕಿ ತಿಳಿಯುತ್ತಾನೆ. ಅದು ಸಿಹಿಯೂ ಹುಳಿಯೂ ಅಲ್ಲದ ಸಾಧಾರಣ ಹಣ್ಣಾಗಿದ್ದರೂ ಅವನಿಗೆ ಅದೇ ಪಾಡು. ಆದ್ದರಿಂದ ತೀರಾ ಹುಳಿ ಹಣ್ಣಿನವನನ್ನು ಬಿಟ್ಟು ಉಳಿದವರೆಲ್ಲರಿಗೂ ರುಚಿ ತೋರಿಸುವುದೇ ಲಾಭ. ಅಡ್ಮಿಶನ್ ಅಧಿಕಾರಿಗಳು ಕಳಿಸದವರನ್ನು ದಂಡಿಸುವುದಿಲ್ಲ ಎಂದು ಕಾಲೇಜುಗಳು ಹೇಳುತ್ತವೆ, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಒಂದು ಒಳ್ಳೆಯ ಸುದ್ದಿ ಅವರ ಕಿವಿಗೆ ಬೀಳದೇ ಹೋದರೆ, ಅದಕ್ಕೆ ಸಿಗಬೇಕಾದ ಬೆಲೆ ಸಿಗುವುದಾದರೂ ಹೇಗೆ?

ಡಾರ್ಟ್‌ಮತ್‌ನಲ್ಲಿ ಇದಕ್ಕೆ ಸಾಕ್ಷಿ ಸಿಕ್ಕಿತು. ಅಲ್ಲಿನ ಅಧ್ಯಕ್ಷೆ ಸಯನ್ ಬೈಲಾಕ್ ತಮ್ಮ ಕಾಲೇಜಿನ ಅರ್ಜಿಗಳನ್ನು ಪರಿಶೀಲಿಸಿ ಎಂದು ನಾಲ್ವರು ಪ್ರಾಧ್ಯಾಪಕರನ್ನು ಕೇಳಿಕೊಂಡರು. ಎಲಿಜಬೆತ್ ಕ್ಯಾಸಿಯೊ, ಬ್ರೂಸ್ ಸ್ಯಾಸರ್ಡೋಟ್, ಡಗ್ಲಸ್ ಸ್ಟೈಗರ್, ಮಿಷೆಲ್ ಟೈನ್ ಎಂಬ ಆ ನಾಲ್ವರ ವರದಿ 2024ರಲ್ಲಿ ಬಂತು. ಬಡ ಮನೆಗಳಿಂದ, ಅನುಕೂಲವಿಲ್ಲದ ಶಾಲೆಗಳಿಂದ ಬಂದ ನೂರಾರು ಮಕ್ಕಳಿಗೆ 1400ರ ಮಟ್ಟದ ಅಂಕವಿತ್ತು. ಕಾಲೇಜಿನ ಪ್ರಕಟಿತ ಸರಾಸರಿ ಅದಕ್ಕಿಂತ ಮೇಲಿದ್ದುದರಿಂದ ಅವರು ಕಳಿಸಿರಲಿಲ್ಲ. ಕಳಿಸಿದ್ದರೆ ಅವರ ಅವಕಾಶ ಗಣನೀಯವಾಗಿ ಹೆಚ್ಚುತ್ತಿತ್ತು. ಯಾಕೆಂದರೆ ಅಧಿಕಾರಿಗಳು ಅಂಕವನ್ನು ಆ ಮಗುವಿನ ಶಾಲೆಯ ಪಕ್ಕದಲ್ಲಿಟ್ಟು ಓದುತ್ತಾರೆ. ಸರಾಸರಿ 1000 ಬರುವ ಶಾಲೆಯಿಂದ 1420 ತಂದವಳು ಅವರಿಗೆ ಅಪರೂಪದ ವಿದ್ಯಾರ್ಥಿನಿ. 1500 ಸಾಮಾನ್ಯವಾದ ಶಾಲೆಯಿಂದ ಅದೇ 1420 ಬಂದರೆ ಅದು ಇನ್ನೊಂದು ಕಥೆ. ಹುಡುಗಿ ತನ್ನನ್ನು ಹೋಲಿಸಿಕೊಂಡದ್ದು ಸೇರಿದವರ ಜೊತೆ. ಅಧಿಕಾರಿ ಹೋಲಿಸುತ್ತಿದ್ದದ್ದು ಅವಳ ಅಕ್ಕಪಕ್ಕದ ಬೆಂಚಿನವರ ಜೊತೆ. ಆ ವರದಿಯಾದ ಮೇಲೆಯೇ ಡಾರ್ಟ್‌ಮತ್ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು. ಎಂಐಟಿ ಕೊಟ್ಟ ಕಾರಣಗಳಲ್ಲೂ ಇಂಥದೊಂದು ಇತ್ತು: ಉನ್ನತ ಮಟ್ಟದ ಗಣಿತ ತರಗತಿಗಳೇ ಇಲ್ಲದ ಶಾಲೆಯ ಮಗು ತನ್ನ ಸಿದ್ಧತೆಯನ್ನು ತೋರಿಸಲು ಬೇರೆ ದಾರಿ ಕಡಿಮೆ.

ಪರೀಕ್ಷೆಯ ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಸಂಶೋಧನೆಯಿಂದ 2023ರಲ್ಲಿ ಹೊರಬಂದ ಲೆಕ್ಕದಂತೆ, ಅಮೆರಿಕದ ಅತಿ ಶ್ರೀಮಂತ ಶೇಕಡಾ 1 ಮನೆಗಳ ಮಕ್ಕಳು 1300 ಅಥವಾ ಮೇಲಿನ ಅಂಕ ಪಡೆಯುವ ಸಾಧ್ಯತೆ ಬಡ ಮನೆಗಳ ಮಕ್ಕಳದ್ದಕ್ಕಿಂತ 13 ಪಟ್ಟು. ಇದು ಕಣ್ಣಿಗೆ ರಾಚುವ ಅಸಮಾನತೆ. ಅದಕ್ಕೆ ಪರಿಹಾರವೆಂದು ಅಂಕವನ್ನು ಬದಿಗಿಟ್ಟರೆ ಉಳಿಯುವುದೇನು? ದುಬಾರಿ ಸಲಹೆಗಾರರು ತಿದ್ದಿ ತೀಡಿದ ಪ್ರಬಂಧ, ಬೇಸಿಗೆ ರಜೆಯಲ್ಲಿ ಹಣ ಕೊಟ್ಟು ಸೇರಿದ ಸಂಶೋಧನಾ ಶಿಬಿರ, ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ಸಣ್ಣ ತರಗತಿಯ ಅಧ್ಯಾಪಕರ ಪತ್ರ. ಇವುಗಳಲ್ಲಿ ಬಡವನ ಪಾಲು ಇನ್ನೂ ಕಡಿಮೆ.

ನಮ್ಮ ಮಕ್ಕಳ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಓದುವವರಿಗೆ ಒಂಬತ್ತನೇ ತರಗತಿಯಿಂದಲೇ ಕಾಲೇಜ್ ಕೌನ್ಸೆಲರ್ ಇರುತ್ತಾರೆ. ಯಾವ ಕಾಲೇಜು ಸೂಪರ್‌ಸ್ಕೋರ್ ಮಾಡುತ್ತದೆ, ಯಾವುದು ಎಲ್ಲ ಅಂಕ ಕೇಳುತ್ತದೆ ಎಂಬುದು ಅಲ್ಲಿ ದಿನದ ಮಾತು. ದ್ವಿತೀಯ ಪಿಯುಸಿ ವಿಜ್ಞಾನದ ಹುಡುಗಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಸಿಇಟಿ, ಜೆಇಇ, ಪ್ರಾಯೋಗಿಕ ತರಗತಿಗಳ ನಡುವೆ ಹೇಗೋ ಒಂದು ಶನಿವಾರ ಬಿಡುವು ಮಾಡಿಕೊಂಡು ಎಸ್‌ಎಟಿ ಬರೆಯುತ್ತಾಳೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳೆನ್ನಿ. ಗಣಿತದಲ್ಲಿ 780, ಓದು-ಬರಹದಲ್ಲಿ 640, ಒಟ್ಟು 1420. ಕಾಲೇಜಿನ ಜಾಲತಾಣದಲ್ಲಿ 1500 ಎಂಬ ಸಂಖ್ಯೆ ನೋಡಿ ಕುಗ್ಗುತ್ತಾಳೆ. ನಾನು ಅವಳಿಗೆ ಹೇಳುವುದು: ಕಳಿಸು, ಮಗಳೇ. ಆ 780 ನಿನ್ನ ಗಣಿತದ ಮಟ್ಟವನ್ನು ಪ್ರಪಂಚದ ಯಾವ ಕಾಲೇಜಿಗೂ ಅರ್ಥವಾಗುವ ಅಳತೆಯಲ್ಲಿ ಹೇಳುತ್ತದೆ. ಆ 640ರ ಪಕ್ಕದಲ್ಲಿ ನೀನು ಓದಿದ ಮಾಧ್ಯಮ ಯಾವುದೆಂದು ಅರ್ಜಿಯಲ್ಲಿ ಒಂದು ವಾಕ್ಯ ಬರೆ. ಫೀಸು ಕಟ್ಟುವ ಶಕ್ತಿಯಿಲ್ಲದ ಮನೆಯಾದರಂತೂ ಈ ಮಾತು ಇನ್ನೂ ಮುಖ್ಯ. ವಿದೇಶಿ ವಿದ್ಯಾರ್ಥಿಯ ಆರ್ಥಿಕ ಸ್ಥಿತಿ ನೋಡದೆ ಸೀಟು ಕೊಟ್ಟು, ಬೇಕಾದಷ್ಟು ನೆರವನ್ನೂ ಕೊಡುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್‌ನಂಥ ಕಾಲೇಜುಗಳು ಬೆರಳೆಣಿಕೆಯಷ್ಟು. ಅಲ್ಲಿ ಅರ್ಜಿ ಹಾಕುವಾಗ ಕೈಯಲ್ಲಿರುವ ಯಾವ ಒಳ್ಳೆಯ ಪುರಾವೆಯನ್ನೂ ಮನೆಯಲ್ಲಿ ಬಿಟ್ಟುಬರಬಾರದು.

ಎಲ್ಲರೂ ಎಲ್ಲವನ್ನೂ ಕಳಿಸಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಶಾಲೆಯಲ್ಲೇ ಸಾಮಾನ್ಯವಾಗಿ ಬರುವ ಅಂಕಕ್ಕಿಂತ ನಿಮ್ಮದು ಕಡಿಮೆಯಿದ್ದು, ಕಾಲೇಜಿನ ವ್ಯಾಪ್ತಿಗಿಂತಲೂ ಬಹಳ ಕೆಳಗಿದ್ದರೆ, ಐಚ್ಛಿಕವಾಗಿರುವ ಕಡೆ ಬಿಟ್ಟುಬಿಡಿ. ಜ್ವರದಲ್ಲಿ ಬರೆದ ದಿನದ ಎರಡೂ ವಿಭಾಗಗಳು ಆಮೇಲಿನ ದಿನಕ್ಕಿಂತ ಕೆಳಗಿದ್ದರೆ, ಆರಿಸಿ ಕಳಿಸಲು ಬಿಡುವ ಕಡೆ ಅದನ್ನು ಕಳಿಸಬೇಕಾದ ಅಗತ್ಯವಿಲ್ಲ. ನನ್ನ ವಾದ ಇಷ್ಟೇ: ಅಳೆಯುವಾಗ ಎದುರಿಗಿಟ್ಟುಕೊಳ್ಳಬೇಕಾದದ್ದು ಕಾಲೇಜು ಪ್ರಕಟಿಸಿದ ಸಂಖ್ಯೆಗಿಂತ ಮೊದಲು ನೀವು ಎಲ್ಲಿಂದ ಬಂದಿರಿ ಎಂಬುದನ್ನು.

ಇಲ್ಲಿ ಕೂತಿರುವ ಪ್ರಾಂಶುಪಾಲರಲ್ಲಿ ಒಂದು ಬೇಡಿಕೆಯಿದೆ. ಈ ಕಾಲೇಜುಗಳಿಗೆ ಅರ್ಜಿ ಹಾಕುವಾಗ ವಿದ್ಯಾರ್ಥಿಯ ಜೊತೆಗೆ ಶಾಲೆಯೂ ಒಂದೆರಡು ಪುಟದ ಪರಿಚಯವನ್ನು ಕಳಿಸುವ ಪದ್ಧತಿಯಿದೆ. ಕೌನ್ಸೆಲರ್ ಇಲ್ಲದ ನಮ್ಮ ಪಿಯು ಕಾಲೇಜುಗಳಲ್ಲಿ ಅದನ್ನು ಬರೆಯಬೇಕಾದವರು ನೀವೇ. ಅದು ಇಲ್ಲದಿದ್ದರೆ ಅಂಕವನ್ನು ಯಾವ ಹಿನ್ನೆಲೆಯಲ್ಲಿಟ್ಟು ಓದಬೇಕೆಂದು ದೂರದ ಅಧಿಕಾರಿಗೆ ಗೊತ್ತಾಗುವುದು ಕಷ್ಟ. ಊರು ಯಾವುದು, ಅಲ್ಲಿಯ ಜನರ ಕಸುಬೇನು, ನಿಮ್ಮಲ್ಲಿ ಎಷ್ಟು ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರೆಷ್ಟು, ದ್ವಿತೀಯ ಪಿಯುಸಿಯಲ್ಲಿ ಶೇಕಡಾ 90 ದಾಟುವವರೆಷ್ಟು, ಆ ವರ್ಷ ಎಸ್‌ಎಟಿ ಬರೆದವರೆಷ್ಟು ಎಂದು ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ನೂರಾರು ಮಕ್ಕಳಿರುವ ನಿಮ್ಮ ಕಾಲೇಜಿನಲ್ಲಿ ಎಸ್‌ಎಟಿ ಬರೆದವಳು ಒಬ್ಬಳೇ ಆಗಿದ್ದರೆ ಅದನ್ನೂ ಬರೆಯಿರಿ. ಅರ್ಜಿಗಳ ಕೊನೆಯ ದಿನ ಹೆಚ್ಚಿನ ಕಡೆ ಜನವರಿಯ ಮೊದಲ ವಾರ. ಸೆಪ್ಟೆಂಬರ್‌ನಲ್ಲಿ ಈ ಪುಟ ಸಿದ್ಧವಾದರೆ ಮಗು ತನ್ನ ಅಂಕದ ಬಗ್ಗೆ ತೀರ್ಮಾನಿಸುವ ಮೊದಲು ಅದನ್ನು ಓದಬಹುದು.